ನಿಧಿ ಬಯಸಿದ ಫ್ರಿಜ್ ಮಿಠಾಯಿ

“ಈ ಮೂಲಕ ಮನೆಯ ಸಮಸ್ತ ಸದಸ್ಯರಿಗೂ, ಬಂಧುಗಳಿಗೂ, ಹಾಲು ಇಡಲು ಬರುವ ಅಕ್ಕಪಕ್ಕದವರಿಗೂ ತಿಳಿಯಪಡಿಸುವುದೇನೆಂದರೆ, ಈ ದಿನ ಬೆಳಿಗ್ಗೆ ಹತ್ತು ಗಂಟೆಯಿಂದ ಸಂಜೆ ಆರು ಗಂಟೆಯವರೆಗೆ ಅಡುಗೆಮನೆಯ ಫ್ರಿಜ್ಜಿನ ಬಾಗಿಲನ್ನು ಯಾರೂ, ಯಾವ ಕಾರಣಕ್ಕೂ ತೆರೆಯತಕ್ಕದ್ದಲ್ಲ. ಹೂವು, ಹುಳಿಮೊಸರು, ಇಡ್ಲಿ ಹಿಟ್ಟು ಇತ್ಯಾದಿಗಳಿಗೆ ವಿನಾಯಿತಿ ಇರುವುದಿಲ್ಲ. ಅಪ್ಪಣೆ ಮೇರೆಗೆ.”

ಹಿಂಗಂತ ಹಳೇ ಕ್ಯಾಲೆಂಡರ್ ಹಾಳೆ ಬೆನ್ನಿಗೆ ಕೆಂಪು ಸ್ಕೆಚ್ ಪೆನ್ನಲ್ಲಿ ಬರ್ದು, ಚನ್ನರಾಯಪಟ್ಟಣದ ನಮ್ಮವ್ವನ ಮನೆ ಫ್ರಿಜ್ಜಿಗೆ ಅಂಟಿಸ್ದೋನು ನಾನು, ಚಂದ್ರಮೌಳಿ. ಅಪ್ಪಣೆ ಮಾತ್ರ ನಮ್ಮವ್ವ ಶಿವಗಂಗಮ್ಮಂದು. ಅಪ್ಪ ಇದ್ದಾಗ್ಲೂ ನಮ್ಮನೇಲಿ ಅಪ್ಪಣೆ ಅವ್ವಂದೇ. ಅಪ್ಪಂದು ಏನಿದ್ರೂ ಒಪ್ಪಿಗೆ.

ಒಳಗಡೆ ಇದ್ದದ್ದು ಒಂದು ಸ್ಟೀಲ್ ತಟ್ಟೆ. ಅದ್ರಲ್ಲಿ ಮೂರು ಪದರದ ಸಿಹಿ. ನೆಲಮಾಳಿಗೇಲಿ ಬೆಣ್ಣೆ ಕಲಸಿದ ಬಿಸ್ಕತ್ ಪುಡಿ, ನಡು ಅಂತಸ್ತಲ್ಲಿ ಹಾಲಿನ ಗಟ್ಟಿ, ತಾರಸಿ ಮೇಲೆ ಕೋಕೋ. ಓವನ್ನಿನ ಹಂಗಿಲ್ಲ. ಹಾಲು ಬಿಸಿ ಮಾಡೋಕೆ ಒಲೆ ಮೇಲೆ ಐದು ನಿಮಿಷ, ಆಮೇಲೆ ಫ್ರಿಜ್ಜಲ್ಲಿ ಎಂಟು ಗಂಟೆ ತಪಸ್ಸು. ತಪಸ್ಸು ಕೆಡದಿದ್ರೆ ಚಾಕು ಇಟ್ಟಾಗ ಸೋಪಿನ ಬಿಲ್ಲೆ ಥರ ನೀಟಾಗಿ ಎದ್ದು ಬತ್ತದೆ. ನಮ್ಮನೇಲಿ ಅದಕ್ಕೆ ಫ್ರಿಜ್ ಮಿಠಾಯಿ ಅಂತ ಹೆಸರು.

ಇಷ್ಟೆಲ್ಲ ಬಂದೋಬಸ್ತು ಯಾಕೆ ಅಂದ್ರೆ, ಅದು ಬಸುರಿ ಬಯಕೆ.

ನಮ್ಮಕ್ಕ ನೀಲಾಂಬಿಕೆ ಮಗಳು ನಿಧಿ ಹೆರಿಗೆಗೆ ಅಂತ ಅರಕಲಗೂಡಿನ ಗಂಡನ ಮನೆಯಿಂದ ಬಂದಿದ್ಲು. ಅಕ್ಕನ ಮನೆ ಎರಡು ಬೀದಿ ಆಚೆಗೈತೆ. ಆದ್ರೆ ನಮ್ಮ ಕುಟುಂಬದಲ್ಲಿ ಬಾಣಂತನ ಅಂದ್ರೆ ಅವ್ವನ ಹಂಡೆ, ಅವ್ವನ ಬಚ್ಚಲು. ಹನ್ನೊಂದು ಬಾಣಂತನ ಮಾಡಿದ ಕೈ ಅದು. ಹಂಗಾಗಿ ನಿಧಿ ಬ್ಯಾಗು ಸೀದಾ ಇಲ್ಲಿಗೇ ಬಂತು.

ಬೇರೆ ಹೆಣ್ಮಕ್ಕಳು ಮೂರನೇ ತಿಂಗಳಲ್ಲೇ ಮಾವಿನಕಾಯಿ, ಹುಣಸೆಹಣ್ಣು ಅಂತ ಬಯಸಿ ಮುಗಿಸ್ತಾರೆ. ಇವಳು ಎಂಟೂವರೆ ತಿಂಗಳಿಗೆ ಬಾಯಿ ಬಿಟ್ಲು.

“ಅಜ್ಜಿ, ತಾತ ಸ್ಕೇಲ್ ಇಟ್ಟು ಕುಯ್ತಿತ್ತಲ್ಲ ಫ್ರಿಜ್ ಮಿಠಾಯಿ, ಅದು ಬೇಕು ಅನ್ನಿಸ್ತೈತೆ.”

ಅವ್ವ ಸೊಪ್ಪು ಸೋಸ್ತಿದ್ದದ್ದು ಹಂಗೇ ಕೂತ್ಬುಡ್ತು. ಬಸುರಿ ಬಯಸಿದ್ದನ್ನ ಮಗು ಹುಟ್ಟೋದ್ರೊಳಗೆ ಕೊಡ್ದಿದ್ರೆ ಮಗೂಗೆ ಕಿವಿ ಸೋರ್ತದೆ ಅಂತ ನಮ್ಮ ಕಡೆ ಗಟ್ಟಿ ನಂಬಿಕೆ. ನಾನೇ ಅದಕ್ಕೆ ಸಾಕ್ಷಿ. ನಾನು ಹೊಟ್ಟೇಲಿದ್ದಾಗ ಅವ್ವ ಹಲಸಿನಹಣ್ಣು ಬಯಸಿತ್ತಂತೆ. ಸಂಕ್ರಾಂತಿ ತಿಂಗಳಲ್ಲಿ ಹಲಸಿನಹಣ್ಣು ಎಲ್ಲಿಂದ ತರೋದು? ಏಳನೇ ಕ್ಲಾಸ್‌ವರೆಗೂ ನಾನು ಕಿವೀಲಿ ಹತ್ತಿ ಇಟ್ಕಂಡೇ ಪಾಠ ಕೇಳಿದೀನಿ. ಕೇಳಿಸ್ಕಂಡಿಲ್ಲ, ಆ ಮಾತು ಬೇರೆ.

“ಕೊಡ್ಬೇಕು. ಕೊಟ್ಟೇ ಕೊಡ್ಬೇಕು,” ಅಂತು ಅವ್ವ. “ಆದ್ರೆ ಮಾಡೋದು ಮರ್ತೋಗೈತಲ್ಲ ಮೌಳಿ.”

ಮರೀದೆ ಏನು? ಮಾಡಿ ಹದಿನಾಲ್ಕು ವರ್ಷ ಆಗಿತ್ತು.

ನಾನು ಎಂಟನೇ ಕ್ಲಾಸಲ್ಲಿದ್ದಾಗ ನಮ್ಮ ಬೀದಿಗೇ ಮೊದಲನೇ ಫ್ರಿಜ್ಜು ತಂದೋರು ನಮ್ಮಪ್ಪ ಪಂಚಾಕ್ಷರಯ್ಯ. ಎತ್ತಿನ ಗಾಡೀಲಿ ನಿಂತ್ಕಂಡು ಬಂತು, ಮದುವೆ ಗಂಡಿನ ಥರ. ಬಾಗಿಲಿಗೆ ಬೀಗ ಬೇರೆ ಇತ್ತು. ಬೀಗರಿಗೂ ಅಷ್ಟು ಮರ್ಯಾದೆ ಸಿಕ್ತಿರ್ಲಿಲ್ಲ, ಆ ಬೀಗಕ್ಕೆ ಸಿಕ್ತಿತ್ತು. ಕೀ ಅವ್ವನ ಸೆರಗಿನ ತುದೀಲಿ. ವಾರ ಕಳೆಯೋದ್ರೊಳಗೆ ಅದು ನಮ್ಮ ಫ್ರಿಜ್ಜು ಅನ್ನೋದು ಹೋಗಿ ಬೀದಿ ಫ್ರಿಜ್ಜಾಯ್ತು. ಎದುರುಮನೆ ಹಾಲು, ಮೂಲೆಮನೆಯೋರ ಸಕ್ಕರೆ ಕಾಯಿಲೆ ಇಂಜೆಕ್ಷನ್ನು, ಹಿಂದಿನ ಮನೆ ಹುಚ್ಚಯ್ಯನ ಎಮ್ಮೆಗೆ ಹಾಕೋ ಔಷಧಿ, ಎಲ್ಲಾ ಒಂದೇ ಸಾಲಲ್ಲಿ. ಮನುಷ್ಯರದು ಯಾವುದು, ಎಮ್ಮೇದು ಯಾವುದು ಅಂತ ಅವ್ವ ದಾರ ಕಟ್ಟಿ ಗುರುತು ಮಾಡ್ತಿತ್ತು. ಸಾಯಂಕಾಲ ಆದ್ರೆ ಮಕ್ಕಳೆಲ್ಲ ಲೋಟ ಹಿಡ್ಕಂಡು ಐಸಿಗೆ ಕ್ಯೂ.

ಆ ಫ್ರಿಜ್ಜಿನ ಜೊತೆ ಇಂಗ್ಲಿಷಿನ ಒಂದು ಅಡುಗೆ ಪುಸ್ತಕ ಬಂದಿತ್ತು. ಎದುರುಮನೆ ಸ್ನೇಹಲತಾ ಟೀಚರ್ ಓದಿ ಹೇಳೋರು. “ಮೊಟ್ಟೆ ಎರಡು” ಅಂದ್ರು, ಅವ್ವ “ಮುಂದಿಂದು ಓದವ್ವ” ಅಂತು. “ಜೆಲಟಿನ್ ಒಂದು ಚಮಚ” ಅಂದ್ರು. ಏನದು ಅಂತ ವಿಚಾರಿಸಿದ್ರೆ ಮೂಳೆ ಬೇಯಿಸಿ ತೆಗೆಯೋದಂತೆ. ಅವ್ವ ಎರಡು ದಿನ ಆ ಪುಸ್ತಕ ದೇವರ ಮನೆ ಕಡೆಗೆ ಮುಖ ಹಾಕ್ದಿರಂಗೆ ತಿರುಗಿಸಿಟ್ಟಿತ್ತು. ಆಮೇಲೆ ಟೀಚರ್ರೇ ಸಮುದ್ರದ ಪಾಚಿಯಿಂದ ಮಾಡೋ ಚೈನಾ ಗ್ರಾಸ್ ಅಂತ ಒಂದೈತೆ, ಅದೂ ಗಟ್ಟಿ ಮಾಡ್ತದೆ ಅಂದ್ರು. ಪಾಚಿ ಅಂದ್ರೆ ಸೊಪ್ಪಿನ ಜಾತಿ ತಾನೇ? ಅವ್ವ ಪಾಸ್ ಮಾಡ್ತು.

ಮಿಠಾಯಿ ಕುಯ್ಯೋದು ಮಾತ್ರ ಅಪ್ಪನ ಇಲಾಖೆ. ಸರ್ವೆ ಇಲಾಖೇಲಿ ಮೂವತ್ತು ವರ್ಷ ಊರೋರ ಜಮೀನು ಅಳೆದೋರು. ಸ್ಟೀಲ್ ಸ್ಕೇಲ್ ತೊಳೆದು ಒರೆಸಿ, ಎರಡಿಂಚು ಉದ್ದ, ಒಂದೂವರೆ ಇಂಚು ಅಗಲ ಗುರುತು ಹಾಕಿ, ಜಮೀನು ಭಾಗ ಮಾಡ್ದಂಗೆ ತಟ್ಟೆಗೆ ಪೋಡಿ ಮಾಡೋರು. “ಗಡಿ ದಾಟಿ ಒತ್ತುವರಿ ಮಾಡ್ದೋರಿಗೆ ಮುಂದಿನ ವಾರ ಹಿಸ್ಸೆ ಇಲ್ಲ ಕಣ್ರಲಾ.” ನಾವು ದೊಡ್ಡೋರಾದ್ಮೇಲೆ ಬೇಸಿಗೆ ರಜ ಪೂರ್ತಿ ಇಲ್ಲೇ ಇರ್ತಿದ್ದ ನಿಧಿ ಅವರ ಅಸಿಸ್ಟೆಂಟ್. ಸ್ಕೇಲಿನ ಸೊನ್ನೆ ಇರೋ ತುದಿ ಹಿಡ್ಕೊಳ್ಳೋದು ಅವಳ ಡ್ಯೂಟಿ. “ಸೊನ್ನೆ ಅಲ್ಲಾಡಿದ್ರೆ ಎಲ್ಲಾ ಅಲ್ಲಾಡ್ತದೆ ಮಗಾ” ಅನ್ನೋರು ಅಪ್ಪ. ಅವಳು ಉಸಿರು ಬಿಗಿ ಹಿಡ್ದು ಕೂರೋಳು.

ಅಪ್ಪ ತೀರ್ಕಂಡ ವರ್ಷವೇ ಆ ಫ್ರಿಜ್ಜೂ ಕೆಟ್ಟು ಕೂತ್ಕಂತು. ಹೊಸ ಫ್ರಿಜ್ಜು ಬಂತು, ಮಿಠಾಯಿ ಬರ್ಲಿಲ್ಲ.

ಈಗ ಅವ್ವ ನೆನಪಿನ ಸೆರಗು ಜಾಲಾಡಿ ಶುರು ಮಾಡ್ತು. ಮೊದಲ ಸಲ ಅಂಗಡೀಲಿ ಸಿಕ್ಕಿದ ಚೈನಾ ಗ್ರಾಸ್ ಪುಡಿ ಅಂದಾಜಲ್ಲಿ ಸುರೀತು. ಅಂದಾಜು ಕೈಕೊಡ್ತು. ಮಿಠಾಯಿ ಗಟ್ಟಿಯಾಗಿದ್ದು ನಿಜ, ಒಂದು ತುಂಡು ಕೈಜಾರಿ ಬಿದ್ರೆ ಎರಡು ಸಲ ಪುಟಿದು ಸಿಲಿಂಡರ್ ಹಿಂದೆ ಸೇರ್ಕಂತು. ಎರಡನೇ ಸಲ ಹದ ಬಂತು. ಆದ್ರೆ ಅಕ್ಕ ಶುಕ್ರವಾರದ ಪೂಜೆಗೆ ಅಂತ ನಾಲ್ಕು ಮೊಳ ಮಲ್ಲಿಗೆ ಪಕ್ಕದಲ್ಲೇ ಇಟ್ಬುಟ್ಟಿದ್ಲು. ನಿಧಿ ಒಂದು ತುಂಡು ಮೂಗಿನ ಹತ್ರ ತಂದು, “ಅಮ್ಮಾ, ಇದು ಮಿಠಾಯಿ ಅಲ್ಲ, ಮದುವೆ ಛತ್ರ” ಅಂತ ಬಚ್ಚಲಿಗೆ ಓಡಿದ್ಲು.

“ನಾನೇನು ಬೇಕಂತ ಇಟ್ನಾ?” ಅಂತ ಅಕ್ಕ.

“ಆ ಫ್ರಿಜ್ಜಿಗೆ ನೀನು ಬ್ಯಾಡ ಅಂತ ಇಡ್ದೆ ಬಿಟ್ಟಿದ್ದು ಯಾವುದಾದ್ರೂ ಐತಾ?” ಅಂದೆ ನಾನು. ಎರಡು ದಿನ ನಂಗೆ ಕಾಫಿ ಸಿಗ್ಲಿಲ್ಲ.

ಮೂರನೇ ಸಲಕ್ಕೆ ನಾನೇ ಹಾಸನಕ್ಕೆ ಹೋಗಿ ನಾರುಬೇರು ಮಾರೋ ಗ್ರಂಧಿಗೆ ಅಂಗಡೀಲಿ ಎಳೆ ಎಳೆಯಾಗಿರೋ ಹಳೇ ಥರದ ಚೈನಾ ಗ್ರಾಸ್ ಹುಡುಕಿ ತಂದೆ. ಮನೆಮನೆಗೆ ಬೆಣ್ಣೆ ಮಾರೋ ದಂಡಿಗನಹಳ್ಳಿ ಲಕ್ಕಮ್ಮ ಬೆಣ್ಣೆ ಕೊಟ್ಲು. ಡಾಕ್ಟ್ರು ಕೊಟ್ಟ ತಾರೀಕಿಗೆ ಇನ್ನೂ ಹನ್ನೆರಡು ದಿನ ಇತ್ತು. ನಾವು ಆರಾಮಾಗಿದ್ವಿ.

ಆ ಭಾನುವಾರ ಬೆಳಿಗ್ಗೆ ಅವ್ವ ಬಿಸ್ಕತ್ತನ್ನ ಲಟ್ಟಣಿಗೇಲಿ ಪುಡಿ ಮಾಡ್ತು, ಅಕ್ಕ ಕೋಕೋ ಕಲಸಿದ್ಲು, ನಾನು ಹಾಲು ಕಲಕ್ದೆ. ನಿಧಿ ಬಾಗಿಲ ಹತ್ರ ಕುರ್ಚೀಲಿ ಕೂತು ಗಡಿಯಾರ ನೋಡ್ತಿದ್ಲು.

“ಅಜ್ಜಿ, ಎಷ್ಟೊತ್ತಿಗೆ ಆಯ್ತದೆ?”

“ಹತ್ತಕ್ಕೆ ಇಟ್ರೆ ಆರಕ್ಕೆ ಕಣವ್ವ.”

“ಸ್ವಲ್ಪ ಬ್ಯಾಗ ಆಗಲ್ವಾ?”

“ಮಿಠಾಯಿ, ಮಗು ಎರಡೂ ಅವಸರ ಮಾಡಿದ್ರೆ ಬರಲ್ಲ ಕಣೆ.”

ತಟ್ಟೆ ಒಳಗೆ ಹೋಯ್ತು, ನೋಟೀಸು ಹೊರಗೆ ಬಂತು. ಆಮೇಲೆ ನಿಧಿ ಅರ್ಧ ಗಂಟೆಗೊಂದು ಸಲ ಟೈಮೆಷ್ಟು ಅಂತ ಕೇಳೋಳು. ಮಧ್ಯಾಹ್ನದ ಹೊತ್ತಿಗೆ ಹತ್ತು ನಿಮಿಷಕ್ಕೊಂದು ಸಲ.

“ಏನವ್ವಾ, ಈ ಪಾಟಿ ಚಪಲ,” ಅಂತ ನಾನು ರೇಗಿಸ್ದೆ. “ಎಂಟು ತಿಂಗಳು ಕಾದೋಳಿಗೆ ಎಂಟು ಗಂಟೆ ಕಾಯೋಕಾಗಲ್ವಾ?”

ಎರಡೂವರೆಗೆ ಅವಳು ಕುರ್ಚಿ ಕೈ ಗಟ್ಟಿಯಾಗಿ ಹಿಡ್ಕಂಡು, “ಮಾವ, ಈಗ ಐದು ನಿಮಿಷಕ್ಕೊಂದು ಸಲ ಬತ್ತೈತೆ” ಅಂದ್ಲು.

“ಏನು?”

“ನೋವು.”

ಅವಳು ಲೆಕ್ಕ ಹಾಕ್ತಿದ್ದದ್ದು ಮಿಠಾಯಿ ಟೈಮಲ್ಲ! ಅಕ್ಕ ತಲೆ ಚಚ್ಕಂಡ್ಲು. “ಯಾವಾಗ್ಲಿಂದಾನೇ?”

“ಬೆಳಿಗ್ಗೆ ಏಳರಿಂದ. ಹೇಳಿದ್ರೆ ಮಿಠಾಯಿ ಮಾಡೋದು ಬಿಟ್ಟು ಆಸ್ಪತ್ರೆಗೆ ಕರ್ಕೊಂಡೋಗ್ತಿದ್ರಿ.”

“ಅಯ್ಯೋ ನಿನ್ನ ಬಾಯಿಗೆ ಬೆಂಕಿ ಆಕ! ಏಳರಿಂದ ಬಾಯಿ ಮುಚ್ಕಂಡು ಕುಂತಿದ್ದೀಯಲ್ಲೇ!” ಅಂತು ಅವ್ವ. ಬೈತಾ ಬೈತಾನೇ ಫ್ರಿಜ್ಜಿನ ಕಡೆ ಎರಡು ಹೆಜ್ಜೆ ಇಡ್ತು. ಅಷ್ಟರಲ್ಲಿ ಫೋನಲ್ಲಿ ಡಾಕ್ಟರ್ ಮಾನಸಾ ಸಿಕ್ರು. ತಕ್ಷಣ ಕರ್ಕೊಂಡು ಬನ್ನಿ, ಏನೂ ತಿನ್ನಿಸ್ಬೇಡಿ ಅಂದ್ರು. ಅವ್ವನ ಕೈ ಬಾಗಿಲ ಮೇಲೇ ನಿಂತೋಯ್ತು.

ಆಟೋ ಹತ್ತೋವಾಗ ನಿಧಿ ನನ್ನ ಕೈ ಹಿಡ್ಕಂಡ್ಲು. “ಮಾವ, ಮೊದಲನೇದು ಲೇಟಾಗ್ತದಂತೆ. ಆರಕ್ಕೆ ಕುಯ್ದು ತಗಂಡು ಬಾ. ಸ್ಕೇಲ್ ಇಟ್ಟೇ ಕುಯ್ಯಬೇಕು. ಹುಟ್ಟೋದ್ರೊಳಗೆ ಒಂದು ತುಂಡು ಬಾಯಿಗೆ ಹಾಕು ಸಾಕು.”

ಹಂಗಾಗಿ ಇಡೀ ಮನೆ ಆಸ್ಪತ್ರೆಗೆ ಹೋಯ್ತು, ನಾನು ಫ್ರಿಜ್ಜಿನ ಮುಂದೆ ಕಾವಲು ಕೂತೆ. ನಾಲ್ಕು ಗಂಟೆ. ಐದು ಗಂಟೆ. ಬೀರು ತೆಗೆದು ಅಪ್ಪನ ಸ್ಕೇಲ್ ಹುಡುಕ್ದೆ. ಸೊನ್ನೆ ಅಂಕಿ ಸವೆದೋಗಿತ್ತು, ನಿಧಿ ಹೆಬ್ಬೆರಳು ಕೂರ್ತಿದ್ದ ಜಾಗ. ಆರು ಹೊಡೆದ ತಕ್ಷಣ ಬಾಗಿಲು ತೆಗೆದ್ರೆ, ಆಹಾ, ಬೆಳ್ಳಗೆ ಕರ್ರಗೆ ಕಂದು, ಮೂರು ಪದರ, ಒಂದರ ಗಡಿ ಒಂದು ದಾಟಿರ್ಲಿಲ್ಲ. ಬೆರಳಲ್ಲಿ ತಟ್ಟಿದ್ರೆ ನಡುಗ್ತು, ಒಡೀಲಿಲ್ಲ. ಆ ತಣ್ಣನೆ ಹಾಲು, ಬೆಣ್ಣೆ ವಾಸನೆಗೆ ನಂಗೆ ಅರೆಗಳಿಗೆ ಎಂಟನೇ ಕ್ಲಾಸು. ಅಪ್ಪ ಹಿಂದೆ ನಿಂತು “ನೆಟ್ಟಗೆ ಇಡ್ಲಾ” ಅಂದಂಗಾಯ್ತು. ಸೊನ್ನೆ ಹಿಡ್ಕೊಳ್ಳೋರು ಯಾರೂ ಇರ್ಲಿಲ್ಲ. ಎಡಗೈಲಿ ನಾನೇ ಹಿಡ್ದೆ, ಬಲಗೈಲಿ ನಾನೇ ಕುಯ್ದೆ. ಮೊದಲ ಸಾಲು ಸೊಟ್ಟಗೆ ಬಂತು. ಎರಡನೇ ಸಾಲಿಂದ ನಾಲ್ಕು ಒಳ್ಳೆ ತುಂಡು ಆರಿಸಿ ಡಬ್ಬಿಗೆ ಹಾಕ್ಕೊಂಡು ಸ್ಕೂಟರ್ ಹತ್ದೆ.

ಆಸ್ಪತ್ರೆ ವರಾಂಡದಲ್ಲಿ ನಿಧಿ ಗಂಡ ಬಸವೇಶ ಹಲ್ಲು ಬಿಟ್ಕಂಡು ನಿಂತಿದ್ದ. ಅರಕಲಗೂಡಿಂದ ಆಗಷ್ಟೇ ಬಂದಿದ್ದ.

“ಹೆಣ್ಣು ಮಗು, ಮಾವ! ಐದೂ ನಲವತ್ತಕ್ಕೆ!”

ನಂಗೆ ಸಂತೋಷಕ್ಕೆ ಕಣ್ಣು ತುಂಬ್ತು. ಆಮೇಲೆ ಕೈಲಿದ್ದ ಡಬ್ಬಿ ನೋಡ್ಕಂಡೆ, ಆರಕ್ಕೆ ಕುಯ್ದದ್ದು. ಇಪ್ಪತ್ತು ನಿಮಿಷ. ಬರೀ ಇಪ್ಪತ್ತೇ ನಿಮಿಷ.

ರೂಮಿಗೆ ಬಿಡೋ ಹೊತ್ತಿಗೆ ಏಳಾಗಿತ್ತು. ನಿಧಿ ಸುಸ್ತಾಗಿ ಮಲಗಿದ್ಲು, ಪಕ್ಕದಲ್ಲಿ ಬಟ್ಟೆ ಸುತ್ತಿದ ಕೂಸು. ನನ್ನ ಕೈಲಿದ್ದ ಡಬ್ಬಿ ನೋಡಿದ್ದೇ ಕಣ್ಣು ದೀಪ ಆಯ್ತು.

“ಮಾವ! ಸೆಟ್ಟಾಯ್ತಾ?”

“ಸೆಟ್ಟಾಗೈತೆ ಮಗಾ. ಸ್ಕೇಲ್ ಇಟ್ಟೇ ಕುಯ್ದಿದೀನಿ.”

ಮುಚ್ಚಳ ತೆಗೀಬೇಕು, ಅಷ್ಟರಲ್ಲಿ ಅವ್ವ ಡಬ್ಬಿ ಮೇಲೆ ಕೈ ಇಡ್ತು.

“ಏನ್ಲಾ ಮಾಡ್ತಿದ್ದೀ? ಅವಳು ಬಾಣಂತಿ ಕಣ್ಲಾ. ಫ್ರಿಜ್ಜಲ್ಲಿಟ್ಟಿದ್ದು ಸೋಕಂಗಿಲ್ಲ.”

“ಅವ್ವಾ, ನೀನೇ ಮಾಡಿದ್ದಲ್ವಾ?”

“ನಾನು ಮಾಡಿದ್ದು ಬಸುರಿಗೆ.”

“ಅಜ್ಜಿ,” ಅಂತ ನಿಧಿ ವಾದಕ್ಕಿಳಿದ್ಲು, “ಬಯಸಿದ್ದು ಬಸುರೀಲಿ ತಾನೇ? ಮಗು ಕಿವಿ ಸೋರಿದ್ರೆ?”

“ಕಿವಿಗೆ ಡಾಕ್ಟ್ರವ್ರೆ. ಥಂಡಿ ಹೊಡದ್ರೆ ನಾನೇ ತಾನೆ ಒದ್ದಾಡದು?”

“ಎಷ್ಟು ದಿನ ತಿನ್ನಂಗಿಲ್ಲ?”

“ಐದು ತಿಂಗಳು.”

“ಐದು ತಿಂಗಳಾ! ಅಷ್ಟು ದಿನ ಇದು ಇರ್ತದಾ ಅಜ್ಜಿ?”

ಅಷ್ಟರಲ್ಲಿ ಡಾಕ್ಟರ್ ಮಾನಸಾ ಒಳಗೆ ಬಂದ್ರು. ನಿಧಿ ಎದ್ದು ಕೂರೋಕೆ ನೋಡಿದ್ಲು. “ಮೇಡಂ, ನೀವೇ ಹೇಳಿ. ಬೆಳಿಗ್ಗೆಯಿಂದ ಇದಕ್ಕೇ ನೋವು ತಡ್ಕೊಂಡಿದ್ದು. ಒಂದೇ ಒಂದು ತುಂಡು.”

“ನೋವು ಮುಚ್ಚಿಟ್ಟಿದ್ದಕ್ಕೆ ನಿಮಗೆ ಬೇರೆ ಬೈಯೋದಿದೆ,” ಅಂದ್ರು ಡಾಕ್ಟ್ರು. ಮುಚ್ಚಳ ಎತ್ತಿ ಡಬ್ಬಿ ಒಳಗೆ ಬಗ್ಗಿ ನೋಡಿದ್ರು. “ಹಾಲು, ಬೆಣ್ಣೆ, ಬಿಸ್ಕತ್ತು. ಈಗ ಊಟ ಮಾಡ್ಬೋದಲ್ಲ, ಒಂದು ತುಂಡು ತಿಂದ್ರೆ ಏನೂ ಆಗಲ್ಲ ಅಜ್ಜಿ. ಕೊಡಿ.”

ರೂಮೆಲ್ಲ ಒಂದು ಉಸಿರು ಬಿಡ್ತು. ಬಸವೇಶ ಚಮಚ ತೆಗೆದೇಬಿಟ್ಟ. ಅವ್ವ ಮಾತ್ರ ಡಬ್ಬಿ ಬಿಡ್ಲಿಲ್ಲ.

“ಡಾಕ್ಟ್ರವ್ವ, ನಿಮಗೆ ಮಕ್ಕಳೆಷ್ಟು?”

“ಒಬ್ಬ ಮಗ.”

“ಬಾಣಂತನ ಯಾರು ಮಾಡಿದ್ರು?”

“ನಮ್ಮಮ್ಮ. ಹೊಳೆನರಸೀಪುರದಲ್ಲಿ.”

“ಎಷ್ಟು ತಿಂಗಳಿಗೆ ಮೊಸರು ಕೊಟ್ರು?”

ಡಾಕ್ಟ್ರು ಕುತ್ತಿಗೇಲಿದ್ದ ಸ್ಟೆತಸ್ಕೋಪ್ ಸರಿ ಮಾಡ್ಕೊಂಡ್ರು.

“ಐದನೇ ತಿಂಗಳಿಗೆ,” ಅಂದ್ರು ಸಣ್ಣ ದನೀಲಿ.

“ನೀವು ಡಾಕ್ಟ್ರು ಅಂತ ಅವರಿಗೆ ಗೊತ್ತಿತ್ತಾ?”

“ಗೊತ್ತಿತ್ತು ಅಜ್ಜಿ.”

ಅವ್ವ ಡಬ್ಬಿ ಮುಚ್ಚಳ ವಾಪಸ್ ಮುಚ್ತು. ಡಾಕ್ಟ್ರು ನಿಧಿ ಕಡೆ ತಿರುಗಿ, “ಅಜ್ಜಿ ಹೇಳ್ದಂಗೆ ಕೇಳಮ್ಮ,” ಅಂದು ಬಾಗಿಲ ತನಕ ಹೋದ್ರು. ಅಲ್ಲಿಂದ ವಾಪಸ್ ಬಂದು, ಡಬ್ಬಿಯಿಂದ ಒಂದು ತುಂಡು ತೆಗೆದು ಟಿಶ್ಯೂ ಪೇಪರಲ್ಲಿ ಸುತ್ಕೊಂಡು, ನಿಧಿ ಮುಖ ನೋಡ್ದೆ ಹೊರಟೋದ್ರು.

ನಿಧಿ ಗೋಡೆ ಕಡೆ ತಿರುಗಿ ಮಲಗಿದ್ಲು. ಸ್ವಲ್ಪ ಹೊತ್ತಾದ್ಮೇಲೆ ಅವ್ವನೇ ಹತ್ರ ಹೋಗಿ ತಲೆ ಸವರ್ತು.

“ಅಜ್ಜಿ, ತೆಗೆದು ತೋರಿಸಾದ್ರೂ ತೋರ್ಸು.”

ಅವ್ವ ಯೋಚನೆ ಮಾಡ್ತು. ಹನ್ನೊಂದು ಬಾಣಂತನದ ಅನುಭವದಲ್ಲಿ ಹುಡುಕ್ತು, ನೋಡಬಾರದು ಅಂತ ಕಾನೂನು ಸಿಕ್ಕಿಲ್ಲ ಅಂತ ಕಾಣ್ತದೆ. ಮುಚ್ಚಳ ತೆಗೆದು, ಮಂಚದಿಂದ ಒಂದು ಮಾರು ದೂರ ನಿಂತು, ಡಬ್ಬಿ ಓರೆ ಮಾಡಿ ಹಿಡೀತು.

“ನೋಡು. ಜಾಸ್ತಿ ಹೊತ್ತು ನೋಡ್ಬ್ಯಾಡ, ಥಂಡಿ.”