ಮೂರು ಬೆರಳು ಗಿಡ್ಡ ಕೋವಿ

"ಮೊಣಕೈ ತಗ್ಗಿಸಿ. ಇನ್ನೂ ಸ್ವಲ್ಪ. ಪಾದ್ರಿಗಳ ಹಾಗೆ ಹಂದಿಗೆ ಆಶೀರ್ವಾದ ಮಾಡ್ಲಿಕ್ಕೆ ನಿಂತದ್ದಾ ನೀವು?"

ಅಲೆಕ್ಸಾಂಡರ್ ಮಾಪಿನ ಕೋಲನ್ನು ಭುಜಕ್ಕೊತ್ತಿ, ಒಂದು ಕಣ್ಣು ಮುಚ್ಚಿ, ಎದುರು ಕಟ್ಟಡದ ಮೇಲಿನ ಡಿಶ್ಶಿಗೆ ಗುರಿಯಿಟ್ಟಿದ್ದ. ಹೆಂಡತಿ ಪ್ಯಾಟ್ರಿಶಿಯಾ ದೋಸೆಹಿಟ್ಟು ಮೆತ್ತಿದ ಕೈಯಿಂದಲೇ ಅವನ ಮೊಣಕೈಯನ್ನು ಕೆಳಕ್ಕೆ ಎಳೆದಳು. ಕೋಲಿಗೆ ಒಂದು ಕಡೆ ಕಾರ್ಗೋ ಬಾಕ್ಸಿನ ಟೇಪು ಸುತ್ತಿಟ್ಟವಳೂ ಅವಳೇ. ಕೋವಿಯಲ್ಲಿ ಬೆರಳಿಟ್ಟು ಎಳೆಯುವ ಕುದುರೆ ಇರುವ ಜಾಗ ಅದು. ಅವನು ಅಲ್ಲಿಗೆ ಬೆರಳಿಟ್ಟು ಮುಖ ಬಾಗಿಸಿದರೆ ಸ್ವಂತ ಹೆಬ್ಬೆರಳೇ ಮೂಗಿಗೆ ಗುದ್ದಿತು.

"ಇಷ್ಟು ಗಿಡ್ಡವಾ?"

"ಅದು ನನ್ನ ಕೈಯ ಅಳತೆ. ನೀವು ಈಡು ಹೊಡೆದ್ರೆ ಹಂದಿ ಓಡ್ತದೆ, ಮೂಗು ಹೋಗ್ತದೆ."

ಅಬುಧಾಬಿಯ ಖಾಲಿದಿಯಾದ ಆ ಒಂದೇ ಕೋಣೆಯ ತುಂಬ ಕಾರ್ಗೋ ಬಾಕ್ಸುಗಳು. ಹೋಟೆಲಿನ ಸ್ಟೋರ್‌ಕೀಪರ್ ಕೆಲಸ ಖಲಾಸ್. ಬರುವ ತಿಂಗಳು ಅಲೆಕ್ಸಾಂಡರ್ ಬೆಳ್ಮಣ್ಣಿಗೆ ವಾಪಸು, ಈ ಸಲ ರಿಟರ್ನ್ ಟಿಕೆಟ್ ಇಲ್ಲದೆ. ಸಾಮಾನು ಕಟ್ಟಲೆಂದು ಪ್ಯಾಟ್ರಿಶಿಯಾ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಕಟ್ಟಲಾಗದ ಸಾಮಾನೊಂದೇ, ಊರಿನ ಒಂಟಿನಳಿಗೆ ಕೋವಿಯ ವಿಷಯ.

ಅದು ಅವನ ಅಪ್ಪನ ಬೇಟೆಯ ಕೋವಿ. ಬೇಟೆ ಎಂದೋ ನಿಂತುಹೋಗಿದೆ; ಈಗ ಗೆಣಸಿನ ಗದ್ದೆಗೆ ಹಂದಿ ನುಗ್ಗಿದಾಗ ಆಕಾಶಕ್ಕೊಂದು ಈಡು ಬಿಟ್ಟರೆ ಸಾಕು. ಅಪ್ಪ ತೀರಿಕೊಂಡಾಗ ಮಗ ಅಬುಧಾಬಿಯಲ್ಲಿದ್ದ, ಸೊಸೆ ಮನೆಯಲ್ಲಿದ್ದಳು. ಲೈಸೆನ್ಸು ಅವಳ ಹೆಸರಿಗೆ ಬಂತು. ಈಗ ನೆರೆಮನೆಯ ಡಿಕ್ಸನ್ ತನ್ನ ಜೋಡುನಳಿಗೆಯನ್ನು ಕೊಟ್ಟು ಇದನ್ನು ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದ. ಭುಜದ ಆಪರೇಷನ್ ಆದಮೇಲೆ ಅವನಿಗೆ ಭಾರದ್ದು ಎತ್ತಲಾಗುತ್ತಿರಲಿಲ್ಲ. ಲೈಸೆನ್ಸು ಬದಲಿಸುವ ಸರಕಾರಿ ಓಡಾಟವೆಲ್ಲ ತನ್ನದೇ, ಇವತ್ತು ಹೂಂ ಎಂದರಾಯಿತು ಎಂದಿದ್ದ.

ಅಲೆಕ್ಸಾಂಡರನ ಬಾಯಲ್ಲಿ ನೀರೂರಿತ್ತು. ಅಬುಧಾಬಿಯಲ್ಲಿ ಬೇಟೆ ಸಾಮಾನಿನ ಪ್ರದರ್ಶನ ಬಂದಾಗಲೆಲ್ಲ ಅವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋಗಿ, ಗಾಜಿನಾಚೆಯ ಜೋಡುನಳಿಗೆಗಳನ್ನು ಹೆಣ್ಣು ನೋಡಲು ಬಂದವನಂತೆ ನೋಡುತ್ತಿದ್ದ. ಆದರೆ ಆಸೆ ಬರೀ ಕೋವಿಯದ್ದಾಗಿರಲಿಲ್ಲ. ರಜೆಗೆ ಹೋದಾಗ ಅವನಿಗೆ ಮನೆಯಲ್ಲಿ ಕೋಳಿಸಾರು ಸಿಗುತ್ತಿತ್ತು, ಕೆಲಸ ಸಿಗುತ್ತಿರಲಿಲ್ಲ. ರಾತ್ರಿ ಹಂದಿ ಬಂದರೆ ಪ್ಯಾಟ್ರಿಶಿಯಾ "ನೀವು ಮಲಗಿ" ಎಂದು ಕೋವಿ ಎತ್ತಿಕೊಂಡು ಹೋಗುವಳು. ಅವನು ಹೊದಿಕೆಯೊಳಗಿಂದ ಈಡಿನ ಸದ್ದು ಕೇಳುವನು. ಈ ಸಲವಾದರೂ ನೆಂಟನಾಗಿ ಹೋಗಬಾರದು.

"ನಿನ್ನ ಮನಸ್ಸಲ್ಲಿ ಎಂತ ಉಂಟು, ಹೇಳು ಮಾರಾಯ್ತಿ."

"ಮಧ್ಯಾಹ್ನದ ಅಡುಗೆ ಉಂಟು." ಅವಳು ಒಲೆಯ ಕಡೆ ತಿರುಗಿದಳು. "ಜೋಡುನಳಿಗೆ ಬಂದ್ರೆ ನೀವೇ ಹೋಗ್ಬೇಕು. ಅದು ನನ್ನ ಕೈಯಲ್ಲಿ ನಿಲ್ಲುದಿಲ್ಲ."

"ನಾನೇ ಹೋಗ್ತೇನೆ. ನೀನು ಮಲಗು."

ಅವಳ ಸೌಟು ನಿಂತಿತು. ಅದು ಅವಳ ಮಾತು. ಅವಳಿಗೆ ಅದನ್ನು ಯಾರೂ ಹೇಳಿದ್ದಿರಲಿಲ್ಲ.

"ಹಾಗಾದ್ರೆ ಕೊಡಿ," ಎಂದಳು ಮೆಲ್ಲಗೆ. "ನಿಮ್ಮ ಇಷ್ಟ."

ಅವನು ಮತ್ತೆ ಕೋಲೆತ್ತಿ, ಈ ಸಲ ಟೇಪು ಬಿಟ್ಟು ಮುಂದೆ ಬೆರಳಿಟ್ಟ. ಸರಿಯಾಗಿ ಕೂತಿತು. "ಎರಡೂ ಕೈ ಇದಕ್ಕೇ ಆಯ್ತು. ಟಾರ್ಚ್ ಹಿಡಿಯುದು ಹೇಗೆ?"

"ಬಾಯಲ್ಲಿ ಕಚ್ಚಿ."

"ಇಷ್ಟು ವರ್ಷವೂ?"

"ಮತ್ತೆ? ನೀವು ಅಬುಧಾಬಿಯಿಂದ ಹಿಡೀತಿದ್ರಾ?"

ಅಷ್ಟರಲ್ಲಿ ಫೋನಿನಲ್ಲಿ ಬೋಟಿಮ್‌ನ ವೀಡಿಯೊ ಕಾಲ್ ಬಡಿದುಕೊಂಡಿತು. ಪರದೆಯ ತುಂಬ ಡಿಕ್ಸನ್ನನ ಗಲ್ಲ.

"ಅಲೆಕ್ಸಣ್ಣ, ಎಂತ ಆಯ್ತು? ನಿಮ್ಮ ಅರಬ್ಬಿಯಲ್ಲೇ ಹೇಳ್ತೇನೆ, ಯಲ್ಲಾ, ಬೇಗ ಬೇಗ!"

"ಆತುರ ನೋಡು ಇವನದ್ದು," ಎಂದ ಅಲೆಕ್ಸಾಂಡರ್ ಹೆಂಡತಿಗೆ.

"ಎಲೆಕ್ಷನ್ ಅಂತ ಎರಡೂ ಕೋವಿ ಪೊಲೀಸ್ ಸ್ಟೇಷನ್ನಲ್ಲಿ ಇಡಿಸಿದ್ದು ಉಂಟಲ್ಲ, ಹೋಗಿ ನೋಡಿ ಬಂದೆ. ಗಂಡ ಹೆಂಡ್ತಿ ಹಾಗೆ ಒಂದೇ ಗೋಡೆಗೆ ಒರಗಿ ಕೂತಿವೆ. ನಿಮ್ಮದು ಹಗುರ, ನನಗೆ ಹೇಳಿ ಮಾಡಿಸಿದ್ದು. ಹಿಂದೆ, ಭುಜಕ್ಕೆ ತಾಗುವಲ್ಲಿ, ಒಂದು ನೀಲಿ ರಬ್ಬರ್ ಅಂಟಿಸಿದ್ದಾರೆ, ಅದೊಂದನ್ನು ಕಿತ್ತು ಬಿಸಾಡ್ಬೇಕು. ಹಿಂದಿನ ಮರ ಎಷ್ಟು ಬೇಕೋ ಅಷ್ಟು ಉದ್ದ ಮಾಡಿಸ್ತೇನೆ."

"ಎಂತ ರಬ್ಬರ್?"

ಉತ್ತರ ಬಂದದ್ದು ಒಲೆಯ ಕಡೆಯಿಂದ. "ನಿಮ್ಮ ಚಪ್ಪಲಿ."

ಅಲೆಕ್ಸಾಂಡರ್ ತಿರುಗಿದ. ಪ್ಯಾಟ್ರಿಶಿಯಾ ಕಾವಲಿಗೆ ಹಿಟ್ಟು ಹೊಯ್ಯುತ್ತಿದ್ದಳು.

"ಮೊದಲನೇ ರಜೆ ಮುಗಿಸಿ ಬರುವಾಗ ಹವಾಯಿ ಚಪ್ಪಲಿ ಬಿಟ್ಟು ಬಂದಿದ್ರಲ್ಲ. ಮಾವ ಹೋದ ಮೇಲೆ ಕೋವಿ ಎತ್ತಿದ್ರೆ ನನಗೆ ಅದು ಒದೀತಿತ್ತು, ಭುಜ ಎಲ್ಲ ಕಂದಿ ಹೋಗ್ತಿತ್ತು. ಆಚಾರಿ ಮರವನ್ನು ಮೂರು ಬೆರಳು ತುಂಡು ಮಾಡಿದ. ಹಿಂದೆ ಅಂಟಿಸ್ಲಿಕ್ಕೆ ಮೆತ್ತಗಿನದ್ದು ಏನಾದ್ರೂ ಕೊಡಿ ಬಾಯಮ್ಮ ಅಂದ. ಎಡಗಾಲಿನದ್ದು ಕೊಟ್ಟೆ."

"ಬಲಗಾಲಿನದ್ದು?"

"ಮಂಚದ ಅಡಿಯಲ್ಲಿ ಉಂಟು. ಒಂಟಿ ಚಪ್ಪಲಿ ಎಲ್ಲಿಗೆ ಹೋಗ್ತದೆ?"

ದೋಸೆ ಚೊರ್ ಎಂದಿತು. ಅವನು ಮಾಪಿನ ಕೋಲಿನ ತುದಿಯನ್ನು ಅಂಗೈಯಲ್ಲಿ ಉಜ್ಜಿದ, ಅಲ್ಲೇ ರಬ್ಬರಿದೆಯೋ ಎಂಬಂತೆ. ತಾನು ಇಲ್ಲಿ ಅಕ್ಕಿಮೂಟೆಗಳ ನಡುವೆ ನಿಂತಿದ್ದಾಗೆಲ್ಲ ಆ ಚಪ್ಪಲಿ ಗೆಣಸಿನ ಗದ್ದೆಯ ಬದುವಿನಲ್ಲಿ ಅವಳ ಭುಜಕ್ಕೆ ಒರಗಿ ಒದೆ ತಿನ್ನುತ್ತಿತ್ತು. ತನಗಿಂತ ಅದೇ ವಾಸಿ.

"ಅಲೆಕ್ಸಣ್ಣ, ಕೇಳ್ತದಾ? ನೆಟ್ ಹೋಯ್ತಾ?" ಡಿಕ್ಸನ್ ಪರದೆಗೆ ಇನ್ನೂ ಹತ್ತಿರ ಬಂದ. "ಜಾಸ್ತಿ ಯೋಚನೆ ಮಾಡ್ಬೇಡಿ. ನನ್ನಪ್ಪನ ಚರ್ಮದ ತೋಟಾ ಬೆಲ್ಟ್ ಉಂಟಲ್ಲ, ಅದನ್ನೂ ಕೊಡ್ತೇನೆ. ಸೊಂಟಕ್ಕೆ ಕಟ್ಟಿದ್ರೆ ನೀವು ರಾಜ!"

ಆ ಬೆಲ್ಟನ್ನು ಅಲೆಕ್ಸಾಂಡರ್ ಚಿಕ್ಕಂದಿನಿಂದ ಬಲ್ಲ. ಅದರ ಹಿತ್ತಾಳೆಯ ಕೊಂಡಿಗೆ ಆಗಿನಿಂದಲೇ ಆಸೆಪಟ್ಟವನು. ಅವನು ಫೋನನ್ನು ಎದೆಗೊತ್ತಿಕೊಂಡು ಹೆಂಡತಿಯ ಹತ್ತಿರ ಹೋದ.

"ಟಾರ್ಚ್ ಹಿಡಿಯುದು ನನಗೆ ಬರಬಹುದಲ್ವಾ?"

ಪ್ಯಾಟ್ರಿಶಿಯಾ ಅವನ ಮುಖ ನೋಡಿದಳು. ಆಮೇಲೆ ಕೈ ನೋಡಿದಳು. "ನಡುಗದಿದ್ರೆ ಬರ್ತದೆ. ಮತ್ತೆ, ನನ್ನ ಎಡಕ್ಕೆ ನಿಲ್ಬೇಕು."

ಅವನು ಫೋನನ್ನು ಮುಖದೆದುರು ಹಿಡಿದ.

"ಬೇಡ ಡಿಕ್ಸನ್. ಕೊಡುದಿಲ್ಲ."