ಹನ್ನೊಂದು ಬಗೆಯ ಅಂಬೋತ್

ಮಗುವಿಗಿಂತ ಎತ್ತರದಲ್ಲಿ ಕೂತು ಪರೀಕ್ಷೆ ನಡೆಸಿದ ಮೇಡಂ ಸಿನಾ ಅವರನ್ನು ಇಲೋಯ್ಲೊ ಪಟ್ಟಣದಲ್ಲಿ ಯಾರೂ ಕಂಡಿರಲಾರರು. ಬಟ್ಟೆ ಒಗೆಯುವ ಹೆಂಗಸರು ಕೂರುವಂಥ ಗೇಣೆತ್ತರದ ಮರದ ಮಣೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡೇ ಅವರು ಆಸ್ಪತ್ರೆಗೂ ಬರುತ್ತಿದ್ದರು, ಶಾಲೆಗಳಿಗೂ ಹೋಗುತ್ತಿದ್ದರು. ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಮಣೆಯ ಮೇಲೆ ಮೊಣಕಾಲು ಮಡಚಿ ಕೂತು, ವರ ಬೇಡುವ ಭಕ್ತರಂತೆ ಕತ್ತೆತ್ತಿ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಒಮ್ಮೆ ಆಸ್ಪತ್ರೆಯ ಹಿರಿಯ ವೈದ್ಯರೊಬ್ಬರು, "ಮೇಡಂ, ಈ ವಯಸ್ಸಿನಲ್ಲಿ ಸೊಂಟ ಹಿಡ್ಕೊಂಡೀತು" ಎಂದದ್ದಕ್ಕೆ, "ಅವರ ಕತ್ತು ನೋಯೋದಕ್ಕಿಂತ ನನ್ನ ಸೊಂಟ ನೋಯ್ಲಿ ಬಿಡಿ ಡಾಕ್ಟ್ರೇ" ಎಂದು ನಕ್ಕಿದ್ದರು.

ಯುಫ್ರೋಸಿನಾ ಫಾಮಾತಿದ್ ಎಂಬುದು ಅವರ ಪೂರ್ಣ ನಾಮಧೇಯ. ನಮ್ಮ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಿಕೆ. ಮಕ್ಕಳ ಬುದ್ಧಿ, ನೆನಪು, ಗಮನಗಳನ್ನು ಅಳೆಯುವ ಪರೀಕ್ಷೆಗಳೇ ಅವರ ಸಂಶೋಧನೆ. ಬೆವರು ಹರಿಯುವ ಏಪ್ರಿಲ್ಲಿನಲ್ಲೂ ಬೂದು ಬಣ್ಣದ ಉಣ್ಣೆಯ ಅಂಗಿಯೊಂದನ್ನು ಅವರು ಬಿಡುತ್ತಿರಲಿಲ್ಲ. ಅದರ ಎರಡು ಜೇಬುಗಳಲ್ಲೂ ಪೆನ್ಸಿಲ್ ತುಂಡುಗಳು. ಎಡಗಾಲನ್ನು ಕೊಂಚ ಎಳೆದು ನಡೆಯುವ ಆ ಸಪ್ಪಳ ಕೇಳಿಸಿದರೆ ಸಾಕು, ಆಸ್ಪತ್ರೆಯ ಹೊರಗೆ ಕಾದಿದ್ದ ಮಕ್ಕಳು ಅಳು ನಿಲ್ಲಿಸುತ್ತಿದ್ದರು. ಅಂಕಿಅಂಶಗಳನ್ನು ನೋಡಿಕೊಳ್ಳಲು ನಾನು ಅವರ ಜೊತೆ ಸೇರಿದಾಗ ನನಗೆ ನಲವತ್ತು ದಾಟಿತ್ತು; ಆದರೂ ಅವರ ಬಾಯಲ್ಲಿ ನಾನು ‘ತೊತೊ’, ಎಂದರೆ ಪುಟ್ಟ.

ಯಾವ ತೀರ್ಮಾನವನ್ನು ಹೇಳಿದರೂ ಕೊನೆಯಲ್ಲಿ ‘ಇವತ್ತಿಗೆ’ ಎಂಬ ಒಂದು ಪದವನ್ನು ಅಂಟಿಸುವುದು ಅವರ ಮಾತಿನ ಚಾಳಿ. "ಈ ಹುಡುಗನಿಗೆ ಅಕ್ಷರ ತಿರುಗಾಮುರುಗಾ ಕಾಣ್ತವೆ, ಇವತ್ತಿಗೆ." "ಈಕೆಗೆ ಕಿವಿ ಮಂದ, ಇವತ್ತಿಗೆ." ತಾಯಂದಿರಿಗೆ ಆ ಒಂದು ಪದವೇ ಸಾಕಾಗುತ್ತಿತ್ತು. ಇನ್ನೊಂದು ಹಟವೆಂದರೆ, ಮಗು ಆಡಿದ ಮಾತನ್ನಷ್ಟೇ ಅಲ್ಲ, ಮಾಡಿದ್ದೆಲ್ಲವನ್ನೂ ಹಾಳೆಯ ಅಂಚಿನಲ್ಲಿ ಬರೆದಿಡುವುದು: ‘ಮೂಗು ಒರೆಸಿಕೊಂಡ’, ‘ಕಿಟಕಿ ನೋಡಿದ’, ‘ನಗು ಬಂತು, ತಡೆದ’. ರಬ್ಬರನ್ನು ಅವರು ಮುಟ್ಟುತ್ತಲೇ ಇರಲಿಲ್ಲ.

ಮನಿಲಾದಲ್ಲಿ ತರಬೇತಿ ಮುಗಿಸಿ ಬಂದ ರೋಡೆಲ್ ಎಂಬ ತರುಣ ಮೊದಲ ದಿನವೇ ಒಬ್ಬ ಹುಡುಗನ ಹಾಳೆಯಲ್ಲಿ ಏಳು ಕಡೆ ‘ಉತ್ತರವಿಲ್ಲ’ ಎಂದು ಬರೆದು ತಂದ.

"ಬಾಯೇ ಬಿಡ್ಲಿಲ್ಲ ಮೇಡಂ. ಗೂಬೆ ಥರ ಕೂತಿದ್ದ."

"ಹುಬ್ಬು ಎತ್ತಿದ್ನಾ?"

"ಹೂಂ, ಆರೇಳು ಸಲ ಎತ್ತಿದ್ದ."

"ಅದಿರ್ಲಿ. ಬೆಳಗ್ಗೆ ಬಾಚೊಯ್ ಸಾರು ಕುಡಿದ್ಯಾ?"

ರೋಡೆಲ್ ಎರಡು ಹುಬ್ಬನ್ನೂ ಮೇಲೆತ್ತಿದ. ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನಿಗೆ ಅರೆಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಕಿವಿಯವರೆಗೆ ಕೆಂಪಾಗಿ, ಹಾಳೆ ಎತ್ತಿಕೊಂಡು ಆ ಹುಡುಗನ ಬಳಿಗೆ ಮತ್ತೆ ಓಡಿದ. ಹುಟ್ಟಿದಾರಭ್ಯ ತಾನು ‘ಹೌದು’ ಎನ್ನುತ್ತ ಬಂದ ರೀತಿಯನ್ನೇ ಅವನು ಪುಸ್ತಕ ಓದಿ ಮರೆತಿದ್ದ.

ಆದರೆ ನಾನು ಹೇಳಬೇಕಾದದ್ದು ಅವರ ಜಾಣ್ಮೆಯ ಕಥೆಯನ್ನಲ್ಲ.

ತಾರುಣ್ಯದಲ್ಲಿ ಮೇಡಂ ಸಿನಾ ಸಾವಿರದ ಒಂಬೈನೂರು ಮಕ್ಕಳನ್ನು ಪರೀಕ್ಷಿಸಿ, ವಿದೇಶದಿಂದ ಬಂದ ಬುದ್ಧಿಪರೀಕ್ಷೆಯೊಂದಕ್ಕೆ ನಮ್ಮ ಕಡೆಯ ಮಕ್ಕಳಿಗೆ ಹೊಂದುವ ಅಂಕಪಟ್ಟಿಯನ್ನು ರಚಿಸಿದ್ದರು. ‘ಫಾಮಾತಿದ್ ಪಟ್ಟಿ’ ಎಂದೇ ಅದಕ್ಕೆ ಹೆಸರು. ಪಟ್ಟಿಯಲ್ಲಿ ಎಪ್ಪತ್ತಕ್ಕಿಂತ ಕೆಳಗೆ ಬಂದ ಮಗು ಶಾಲೆಯ ಪ್ರತ್ಯೇಕ ಕೊಠಡಿಗೆ ಹೋಗುತ್ತಿತ್ತು. ಅಲ್ಲಿ ಓದುಬರಹ ಕಡಿಮೆ, ಚಿತ್ರಕ್ಕೆ ಬಣ್ಣ ತುಂಬುವುದೇ ಹೆಚ್ಚು. ಆ ಪಟ್ಟಿಯಿಂದಲೇ ಅವರಿಗೆ ಕೀರ್ತಿ ಬಂತು, ಶಿಕ್ಷಣ ಕಚೇರಿಯ ಸಲಹಾ ಸಮಿತಿಯ ಅಧ್ಯಕ್ಷ ಪದವಿಯೂ ಬಂತು.

ಒಂದು ಬೆಳಗ್ಗೆ ನಾವಿಬ್ಬರೂ ಗಿಮರಾಸ್ ದ್ವೀಪಕ್ಕೆ ಹೊರಟು ದೋಣಿಕಟ್ಟೆಯಲ್ಲಿ ನಿಂತಿದ್ದೆವು. ಗಾಳಿ ಜೋರಾಗಿತ್ತು. ದೋಣಿಗೆ ಜನರನ್ನು ಹತ್ತಿಸುತ್ತಿದ್ದವಳು ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಬಂದವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುವಳು, ತುಟಿ ಚಾಚಿ ಜಾಗ ತೋರಿಸುವಳು: "ಅಜ್ಜಿ, ನೀವು ನಡುವೆ. ಅಣ್ಣಾ, ಮಾವಿನ ಬುಟ್ಟಿ ಎಡಕ್ಕೆ, ನೀನು ಬಲಕ್ಕೆ. ಏ ದಪ್ಪಣ್ಣ, ಎದ್ದೇಳು, ನಿನ್ನ ಜಾಗ ಹಿಂದೆ!" ನಲವತ್ತು ಜನ, ಮೂಟೆ, ಕೋಳಿಗೂಡು, ಒಂದು ಸೈಕಲ್ಲು, ಎಲ್ಲ ತುಂಬಿದ ಮೇಲೆ ದೋಣಿ ವಾಲದಂತೆ ಎರಡೂ ಪಕ್ಕಕ್ಕೆ ಕಟ್ಟಿದ ಬಿದಿರ ರೆಕ್ಕೆಗಳು ನೀರಿನ ಮೇಲೆ ಒಂದೇ ಮಟ್ಟದಲ್ಲಿ ನಿಂತವು.

ಮೇಡಂ ಬೆರಗಾಗಿ ನೋಡುತ್ತಿದ್ದರು. "ನಿನ್ನ ಹೆಸರೇನಮ್ಮ?"

"ಲಿಯೋನಿಲಾ ಗಲಾಂಗ್. ನಿಮಗೆ ಮರೆತಿರ್ಬೇಕು ಮೇಡಂ. ನೀವೇ ನನಗೆ ಪರೀಕ್ಷೆ ಮಾಡಿದ್ರಿ, ಮೂರನೇ ಕ್ಲಾಸಲ್ಲಿ. ಆಮೇಲೆ ನನ್ನ ಬಣ್ಣದ ಕೊಠಡಿಗೆ ಹಾಕಿದ್ರು." ಅವಳ ದನಿಯಲ್ಲಿ ಕಹಿಯಿರಲಿಲ್ಲ, ಹವಾಮಾನ ಹೇಳುವಂತೆ ಹೇಳಿದಳು. "ಒಂದು ವರ್ಷ ಬಣ್ಣ ಹಚ್ಚಿದೆ. ಬೇಜಾರಾಯ್ತು, ಬಿಟ್ಟೆ."

ಮೇಡಂ ಆ ದಿನ ದೋಣಿ ಹತ್ತಲಿಲ್ಲ. ಕಾಲೇಜಿಗೆ ಹಿಂತಿರುಗಿ, ಹದಿನಾರು ವರ್ಷ ಹಿಂದಿನ ಕಡತಗಳನ್ನು ಕೆಳಗಿಳಿಸಿ, ಆ ಮಗುವಿನ ಹಾಳೆಯನ್ನು ಹುಡುಕಿ ತೆಗೆದರು. ಅಂಕ ಅರವತ್ತೊಂದು. ಹತ್ತೊಂಬತ್ತು ಪ್ರಶ್ನೆಗಳಿಗೆ ಮಗು ಕೊಟ್ಟ ಉತ್ತರ ಒಂದೇ: ‘ಅಂಬೋತ್.’ ಗೊತ್ತಿಲ್ಲ ಎಂದರ್ಥ. ಹತ್ತೊಂಬತ್ತಕ್ಕೂ ಸೊನ್ನೆ. ಆದರೆ ಪ್ರತಿಯೊಂದರ ಪಕ್ಕದಲ್ಲೂ ಅವರದೇ ಅಕ್ಷರದಲ್ಲಿ ಸಣ್ಣಗೆ ಬರೆದಿತ್ತು: ‘ಟೀಚರ್ ಕಡೆ ನೋಡಿದಳು.’

"ನಾನೇ ಬರೆದಿದೀನಿ ನೋಡು ತೊತೊ," ಎಂದರು. "ಬರೆದಿದೀನಿ, ಓದಿಲ್ಲ."

ಒಂದು ಮಗುವಿನ ವಿಷಯದಲ್ಲಿ ಇಷ್ಟು ದೋಷ ಶಾಸ್ತ್ರಸಮ್ಮತವೇ ಆಗಿದೆ ಎಂದು ನಾನು ಸಮಾಧಾನ ಹೇಳಹೊರಟೆ. ಯಾವ ಮಾಪನದಲ್ಲೂ ಒಂದಿಷ್ಟು ಅಂತರ ಇದ್ದೇ ಇರುತ್ತದೆ ಎಂದೆ. ಅವರು ನನ್ನನ್ನು ಗದರಲಿಲ್ಲ. ನಾಳೆ ನೀನೂ ಬಾ ಎಂದರು ಅಷ್ಟೆ.

ಲಿಯೋನಿಲಾಳ ಮನೆ ಗಿಮರಾಸಿನ ದಂಡೆಯಲ್ಲಿತ್ತು. ಅಂಗಳದಲ್ಲಿ ಒಣಮೀನು ಹರಡುತ್ತಿದ್ದವಳ ಎದುರು ಮೇಡಂ ಆ ಹಳೆಯ ಹಾಳೆಯನ್ನು ಬಿಚ್ಚಿದರು.

"ಇಂದಾಯ್, ಮಗಳೇ, ಅವತ್ತು ಇಷ್ಟು ಸಲ ಯಾಕೆ ಅಂಬೋತ್ ಅಂದೆ?"

ಅವಳು ಕೈ ಒರೆಸಿಕೊಂಡು ಹಾಳೆ ನೋಡಿದಳು. "ನೀವು ಪುಸ್ತಕದಲ್ಲಿದ್ದ ಹಾಗೇ ಇಂಗ್ಲಿಷಲ್ಲಿ ಓದ್ತಿದ್ರಿ. ನಮ್ಮ ಟೀಚರ್ ಪಕ್ಕದಲ್ಲಿ ನಿಂತು ನಮ್ಮ ಮಾತಲ್ಲಿ ಹೇಳ್ತಿದ್ರು. ಒಂದು ದೋಣಿ ಚಿತ್ರ ಇತ್ತು, ನೆನಪಿದೆಯಾ? ಒಂದು ರೆಕ್ಕೆ ಇರ್ಲಿಲ್ಲ. ಟೀಚರ್ ‘ಏನು ಮುರಿದಿದೆ?’ ಅಂದ್ರು. ಮುರಿದಿದ್ದು ಏನೂ ಇರ್ಲಿಲ್ಲ ಮೇಡಂ. ಇಲ್ಲದಿದ್ದು ಇತ್ತು. ನೀವು ಕೇಳಿದ್ದು ಅದನ್ನೇ ಅಂತ ಗೊತ್ತಾಯ್ತು. ಪಟ್ಟಣದಿಂದ ಬಂದ ನಿಮ್ಮೆದುರು ನಮ್ಮ ಟೀಚರಿಗೆ ‘ತಪ್ಪು’ ಅಂತ ಹ್ಯಾಗೆ ಹೇಳ್ಲಿ? ಅದಕ್ಕೇ ಅಂಬೋತ್ ಅಂದೆ. ಆಮೇಲೆ ಎಲ್ಲಾದಕ್ಕೂ ಅದೇ ಸುಲಭ ಆಯ್ತು."

ಒಂಬತ್ತು ವರ್ಷದ ಮಗು ಪ್ರಶ್ನೆಯನ್ನು ಅರಿತಿತ್ತು, ಅನುವಾದದ ದೋಷವನ್ನು ಅರಿತಿತ್ತು, ಅದನ್ನು ತೋರಿಸಿದರೆ ಯಾರಿಗೆ ಮುಖಭಂಗವಾದೀತೆಂಬುದನ್ನೂ ಅರಿತಿತ್ತು. ಅದಕ್ಕೆ ಸಿಕ್ಕ ಅಂಕ ಸೊನ್ನೆ. ಮೇಡಂ ಸಿನಾ ಒಣಮೀನಿನ ಚಾಪೆಯ ಪಕ್ಕದಲ್ಲೇ ಕೂತು ಲಿಯೋನಿಲಾಳ ಕೈ ಹಿಡಿದುಕೊಂಡರು.

"ನಾನು ತಪ್ಪು ಮಾಡಿದೆ ಕಣಮ್ಮ. ನಿನ್ನ ಓದು ಹೋಯ್ತು."

"ಹೋಯ್ತು," ಎಂದಳು ಅವಳು, ಕೈ ಬಿಡಿಸಿಕೊಳ್ಳದೆ. "ನನ್ನ ಮಗಳು ಈ ವರ್ಷ ಒಂದನೇ ಕ್ಲಾಸು. ಅವಳಿಗೂ ಪರೀಕ್ಷೆ ಇದೆಯಂತೆ. ಯಾರು ಬರ್ತಾರೆ?"

"ನಾನೇ ಬರ್ತೀನಿ."

"ಹಂಗಾದ್ರೆ ನಾನೂ ಪಕ್ಕದಲ್ಲಿ ಇರ್ತೀನಿ."

ಮುಂದಿನ ತಿಂಗಳು ಅಧಿಕಾರಿಗಳು ನೆರೆದ ಸಭೆಯಲ್ಲಿ ಮೇಡಂ ಸಿನಾ ಎದ್ದು ನಿಂತು, ತಮ್ಮ ಹೆಸರಿನ ಪಟ್ಟಿಯನ್ನು ತಾವೇ ಹಿಂತೆಗೆದುಕೊಳ್ಳುವುದಾಗಿಯೂ, ಪ್ರತ್ಯೇಕ ಕೊಠಡಿಗಳಲ್ಲಿರುವ ಪ್ರತಿಯೊಂದು ಮಗುವನ್ನೂ ಮತ್ತೆ ಪರೀಕ್ಷಿಸಬೇಕೆಂದೂ ಹೇಳಿದರು. "ನಿಮ್ಮ ಹೆಸರಿಗೇ ಮಸಿ ಬಳ್ಕೊಳ್ತೀರಲ್ಲ ಮೇಡಂ, ಯಾರೂ ಕೇಳಿರ್ಲಿಲ್ಲವಲ್ಲ!" ಎಂದು ಒಬ್ಬ ಅಧಿಕಾರಿ ಕೈಚೆಲ್ಲಿದರು. "ಕೇಳ್ಬೇಕಾದವರಿಗೆ ನಾವೇ ಅಂಬೋತ್ ಅನ್ನೋದು ಕಲಿಸಿದ್ವಿ ಸರ್" ಎಂದು ಮೇಡಂ ಕೂತರು. ವರ್ಷದೊಳಗೆ ಅಧ್ಯಕ್ಷ ಪದವಿ ಬೇರೆಯವರ ಪಾಲಾಯಿತು.

ಮೂರು ವರ್ಷ ಬೇಕಾಯಿತು, ನಾನೂರ ಹನ್ನೆರಡು ಮಕ್ಕಳನ್ನು ಮತ್ತೆ ಕಾಣಲು. ದೋಣಿಯ ಕೆಲಸ ಮುಗಿಸಿ ಲಿಯೋನಿಲಾ ಜೊತೆಗೆ ಬರುತ್ತಿದ್ದಳು. ಮಗು ‘ಅಂಬೋತ್’ ಎಂದಾಗಲೆಲ್ಲ ಮೇಡಂ ಆಕೆಯ ಮುಖ ನೋಡುವರು. "ಇದು ನಾಚಿಕೆದು." "ಇದು, ನೀವು ಹೇಳಿ ಆಮೇಲೆ ನಾನು ಹೇಳ್ತೀನಿ ಅನ್ನೋದು." "ಇದು ಹಸಿವಿಂದು ಮೇಡಂ, ಮೊದಲು ಏನಾದ್ರೂ ತಿನ್ನಿಸಿ." "ಇದು ನಿಜವಾಗ್ಲೂ ಗೊತ್ತಿಲ್ಲದ್ದು." ಹೀಗೆ ಹನ್ನೊಂದು ಬಗೆಗಳನ್ನು ಅವರಿಬ್ಬರೂ ಗುರುತಿಸಿದರು. ನೂರ ಮೂವತ್ತೇಳು ಮಕ್ಕಳು ತಮ್ಮ ತರಗತಿಗಳಿಗೆ ಮರಳಿದರು. ಉಳಿದವರಿಗೆ ನೆರವು ನಿಜಕ್ಕೂ ಬೇಕಿತ್ತು. ಅವರ ಕೊಠಡಿಗೆ ಬಣ್ಣದ ಬದಲು ಒಳ್ಳೆಯ ಶಿಕ್ಷಕರನ್ನು ಕೊಡಿಸಲು ಮೇಡಂ ಅಷ್ಟೇ ಹಟದಿಂದ ಕಚೇರಿಗಳ ಮೆಟ್ಟಿಲು ಹತ್ತಿದರು. ಪರೀಕ್ಷೆಯೇ ಬೇಡವೆಂದವರನ್ನು ಅವರು ಒಪ್ಪಲಿಲ್ಲ. ಅಳೆಯದೆ ಹೋದರೆ ಕಿವುಡು ಮಗುವೂ ಸೋಮಾರಿ ಎನಿಸಿಕೊಂಡು ಏಟು ತಿನ್ನುತ್ತದೆ ಎನ್ನುತ್ತಿದ್ದರು. ಆ ಸಂಶೋಧನೆ ಅಚ್ಚಾದಾಗ ಲೇಖಕರು ಇಬ್ಬರು. ಮೊದಲ ಹೆಸರು ಗಲಾಂಗ್, ಎರಡನೆಯದು ಫಾಮಾತಿದ್. ಮೂರನೇ ತರಗತಿ ಓದಿದವಳ ಹೆಸರು ಮೊದಲು ಹೇಗೆ ಎಂದು ಪತ್ರಿಕೆಯವರು ಕಾಗದ ಬರೆದರು. ‘ಆಕೆಗೆ ನನಗಿಂತ ಮೊದಲೇ ಗೊತ್ತಿತ್ತು’ ಎಂದಷ್ಟೇ ಉತ್ತರ ಹೋಯಿತು.

ಮತ್ತೊಬ್ಬರ ಬದುಕಿನ ಮೇಲೆ ಒಂದು ಅಂಕಿ ಬರೆಯುವ ಅಧಿಕಾರ ಲೋಕದಲ್ಲಿ ಕೆಲವರ ಕೈಗೆ ಬರುತ್ತದೆ. ವೈದ್ಯರು, ನ್ಯಾಯಾಧೀಶರು, ಉಪಾಧ್ಯಾಯರು, ನಮ್ಮಂಥ ಮಾಪಕರು. ಬರೆದದ್ದು ತಪ್ಪೆಂದು ಒಳಗೊಳಗೇ ಅರಿತವರು ಇವರಲ್ಲಿ ಕಡಿಮೆಯಿಲ್ಲ; ಆ ಅರಿವನ್ನು ಗುಟ್ಟಾಗಿ ಹೊತ್ತು ಗೌರವದಿಂದಲೇ ನಿವೃತ್ತರಾಗುತ್ತಾರೆ. ತಪ್ಪಿನ ಮನೆಯ ಅಂಗಳಕ್ಕೇ ಹೋಗಿ, ನಾನು ಹೇಗೆ ಕೇಳಬೇಕಿತ್ತು ಹೇಳಿಕೊಡು ಎನ್ನುವವರು ಅಪರೂಪ. ಅಂಥವರಿಂದ ಶಾಸ್ತ್ರ ಎಷ್ಟು ಬೆಳೆಯಿತೋ ನಾನರಿಯೆ. ಆದರೆ ಅವರು ಒಮ್ಮೆ ಹಾದುಹೋದ ಊರಿನಲ್ಲಿ, ಸುಮ್ಮನೆ ಕೂತ ಮಗುವನ್ನು ಕಂಡರೆ ಜನ ದಡ್ಡನೆಂದು ನುಡಿಯುವ ಮುನ್ನ ಒಂದು ಗಳಿಗೆ ತಡೆಯುತ್ತಾರೆ.