ಹಸಿ ಮೊಟ್ಟೆಯ ಪೊರೆ

ಈಸ್ಟರಿನ ಹಿಂದಿನ ಗುರುವಾರ ಬೆಳಿಗ್ಗೆ ಸ್ತೋಯಿಲ್ ಮೇಜಿನ ಮೇಲೆ ಚಿನ್ನದ ಬಣ್ಣದ ಡಬ್ಬಿಯೊಂದನ್ನಿಟ್ಟು ಹೆಂಡತಿ ನೆವೆನಾಳ ಮುಖವನ್ನೇ ನೋಡುತ್ತ ನಿಂತ. ಮುಖದ ಕಾಂತಿಗೆ ಅಂಟಿಸಿಕೊಳ್ಳುವ ಪಟ್ಟಿಗಳ ಡಬ್ಬಿ. ಡಬ್ಬಿಯ ಮೇಲಿನ ಚಿತ್ರದಲ್ಲಿ ಅವನ ತಾಯಿ ತೋನ್ಕಾ ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು ನಗುತ್ತಿದ್ದಳು. ಕೆಳಗೆ 'ಅಜ್ಜಿಯ ಗುಟ್ಟು' ಎಂದಿತ್ತು.

ನೆವೆನಾ ನಗಲಿಲ್ಲ. ಯಾಂಬೊಲ್ ಊರಂಚಿನಲ್ಲಿ, ಬೇಕರಿಗಳಿಗಾಗಿ ಮೊಟ್ಟೆ ಒಡೆದು ಒಳಗಿನದನ್ನು ಡಬ್ಬಗಳಿಗೆ ತುಂಬಿಸುವ ಕಾರ್ಖಾನೆಯ ಪ್ರಯೋಗಾಲಯದ ಹೊಣೆ ಅವಳದು. ಗಂಡ ಅಲ್ಲೇ ಮಾರಾಟದ ಮುಖ್ಯಸ್ಥ. ಮೊದಲೆಲ್ಲ ಚಿಪ್ಪು ಕಸಕ್ಕೆ ಹೋಗುತ್ತಿತ್ತು. ಅದರ ಒಳಮೈಗಂಟಿದ ಪೊರೆಯನ್ನು ಬಿಡಿಸಿ, ತೊಳೆದು, ಗಾಯಕ್ಕೆ ಹಾಸುವ ಹಾಳೆಯಾಗಿಸಲು ವರ್ಷಗಟ್ಟಲೆ ಒದ್ದಾಡಿದವಳು ಅವಳು. ಮಕ್ಕಳ ಮೊಣಕಾಲು ತರಚಿದಾಗಲೆಲ್ಲ ತೋನ್ಕಾ ಹಸಿ ಮೊಟ್ಟೆಯ ಪೊರೆ ಅಂಟಿಸುತ್ತಿದ್ದುದನ್ನು ಕಂಡು ಸೊಸೆಗೆ ಮೊದಮೊದಲು ಅಸಹ್ಯವಾಗಿತ್ತು. ಆಮೇಲೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಬಲೆಯಂತೆ ಹೆಣೆದ ಎಳೆಗಳು. ನಮ್ಮ ಚರ್ಮವನ್ನು ಹಿಡಿದಿಟ್ಟಿರುವ ಕೊಲ್ಯಾಜೆನ್ ಅಲ್ಲೂ ಇತ್ತು, ಜೊತೆಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪ್ರೋಟೀನುಗಳು. ಮರಿಯ ಕಾವಲಿಗೆ ಕೋಳಿ ನೇಯ್ದ ಬಟ್ಟೆ.

ಈಗ ಊರ ಆಸ್ಪತ್ರೆಯಲ್ಲಿ ಆ ಹಾಳೆಯ ಪರೀಕ್ಷೆ ನಡೆದಿತ್ತು. ಸಕ್ಕರೆ ಕಾಯಿಲೆಯ ತೋನ್ಕಾಳ ಹಿಮ್ಮಡಿಯ ಹುಣ್ಣಿಗೂ ಅದನ್ನೇ ಹಾಕುತ್ತಿದ್ದರು. ಕಾಲು ತೆಗೆಯಬೇಕಾದೀತು ಎಂದಿದ್ದ ವೈದ್ಯರು, ಅಂಚಿನಲ್ಲಿ ಹೊಸ ಚರ್ಮ ಕಂಡ ಮೇಲೆ ಆ ಮಾತು ಬಿಟ್ಟಿದ್ದರು. ಹಾಳೆ ಬದಲಿಸುವುದು ಮಾತ್ರ ತಪ್ಪಬಾರದು ಎಂದಿದ್ದರು.

"ಆಸ್ಪತ್ರೆಗೆ ಪೊರೆ?" ಎಂದಳು ನೆವೆನಾ.

ಕಂಪನಿಯ ನಿರ್ದೇಶಕರ ತೀರ್ಮಾನ ಆಗಿಹೋಗಿದೆ ಎಂದ ಸ್ತೋಯಿಲ್. ಕೂಡಿಟ್ಟ ಪೊರೆಯೆಲ್ಲ ಈ ಪಟ್ಟಿಗಳಿಗೆ ಹೋಗಿದೆ. ಹಬ್ಬಕ್ಕೆ ಜನ ಇಡೀ ಮೊಟ್ಟೆಗಳನ್ನೇ ಕೊಳ್ಳುವುದರಿಂದ ಒಡೆಯುವ ಯಂತ್ರ ನಿಂತಿದೆ; ಮತ್ತೆ ಚಿಪ್ಪು ಸಿಕ್ಕಿದಾಗಲೂ ಮೊದಲು ಪಟ್ಟಿ, ಮಿಕ್ಕಿದರೆ ಆಸ್ಪತ್ರೆ.

"ನಿಮ್ಮಮ್ಮನ ಕಾಲಿಗೆ?"

"ಸ್ವಲ್ಪ ದಿನ ಮಾಮೂಲಿ ಬಟ್ಟೆ ಕಟ್ಟಿದ್ರಾಯ್ತು. ಮೊದ್ಲು ಕಟ್ತಿರ್ಲಿಲ್ವಾ?"

"ಕಟ್ತಿದ್ವಿ. ಅದಕ್ಕೇ ಕೊಳೀತಿತ್ತು."

ಅವನು ಕೋಟು ಹಾಕಿಕೊಂಡು ಹೊರಟುಹೋದ. ಇಷ್ಟು ವರ್ಷ ನೆವೆನಾಳ ಸಿಟ್ಟು ಪಾತ್ರೆಗಳ ಸದ್ದಿನಲ್ಲೇ ಮುಗಿಯುತ್ತಿತ್ತು. ಅವಳು ಪಾತ್ರೆಗಳನ್ನು ಕುಕ್ಕಿದಷ್ಟೂ ಅವನು ರೇಡಿಯೋ ಜೋರು ಮಾಡುತ್ತಿದ್ದ. ಇವತ್ತಿನ ಸಿಟ್ಟಿಗೆ ಪಾತ್ರೆಗಳು ಸಾಲುತ್ತಿರಲಿಲ್ಲ. ಡಬ್ಬಿಯ ಮೇಲೆ ತನ್ನ ಹೆಸರಿಲ್ಲವೆಂದಲ್ಲ. ಆ ಹಿಮ್ಮಡಿಯಲ್ಲಿ ಮೂಡುತ್ತಿದ್ದ ಚರ್ಮದ ನಸುಗೆಂಪು ಗೆರೆಯನ್ನು ಅವಳು ಕಣ್ಣಾರೆ ಕಂಡಿದ್ದಳು.

ಕುರ್ಚಿ ಹಿಡಿದುಕೊಂಡು ಕುಂಟುತ್ತ ಬಂದ ತೋನ್ಕಾ ಡಬ್ಬಿಯನ್ನು ಬೆಳಕಿಗೆ ಹಿಡಿದಳು. "ಚೆನ್ನಾಗೇ ಬಂದಿದೀನಲ್ಲೇ. ಉದುರಿದ ಹಲ್ಲೂ ಕೂರಿಸಿದಾರೆ." ಪಕ್ಕದ ಮನೆಯವಳಿಗೆ ತೋರಿಸಬೇಕೆಂದು ಹಿಗ್ಗಿದಳು. ಆ ಹಿಗ್ಗು ಕಂಡು ನೆವೆನಾಗೆ ಮೈಯೆಲ್ಲ ಉರಿಯಿತು.

ಬಣ್ಣ ಹಾಕಲೆಂದು ತಂದ ಮೊಟ್ಟೆಗಳು ಕಿಟಕಿಯ ಬಳಿ ಇದ್ದವು. ಮೊದಲ ಮೊಟ್ಟೆಯನ್ನು ಬೇಯಿಸಿ, ಕೆಂಪು ಬಣ್ಣ ಹಾಕಿ, ಮಾತೆ ಮೇರಿಯ ಪಟದ ಮುಂದೆ ಇಡಬೇಕು. ವರ್ಷವಿಡೀ ಮನೆ ಕಾಯುವುದು ಅದೇ. ನೆವೆನಾ ಆ ಮೊದಲ ಮೊಟ್ಟೆಯನ್ನೇ ತೆಗೆದು ಬೋಗುಣಿಯ ಅಂಚಿಗೆ ಕುಟ್ಟಿದಳು.

ತೋನ್ಕಾ ಶಿಲುಬೆಯ ಗುರುತು ಮಾಡಿಕೊಂಡಳು. "ಹುಚ್ಚು ಹಿಡೀತೇನೇ? ಗುರುವಾರದ ಮೊಟ್ಟೆ ಅದು."

"ಬೇಯಿಸಿದ್ರೆ ಬಿಳಿ ಲೋಳೆ ಪೊರೆಗೆ ಕಚ್ಕೊಳ್ಳುತ್ತೆ, ಕೆಲ್ಸಕ್ಕೆ ಬರಲ್ಲ. ಹಸೀದೇ ಬೇಕು." ಮತ್ತೊಂದನ್ನು ಕುಟ್ಟಿದಳು. "ನಿಮ್ಮ ಕಾಲಿಗೆ ಹಾಕೋ ಹಾಳೆ ಈಗ ಆ ಡಬ್ಬೀಲಿದೆ ಅತ್ತೆ. ಸೋಫಿಯಾ ಪಟ್ಟಣದ ಹೆಂಗಸರು ಕೆನ್ನೆಗೆ ಅಂಟಿಸ್ಕೊಳ್ತಾರೆ."

"ನನ್ನ ಕಾಲಿಂದು?"

"ನಿಮ್ಮ ಕಾಲಿಂದೇ. ನಿಮ್ಮ ಮಗನೇ ಮಾರಿದ್ದು."

ತೋನ್ಕಾ ಡಬ್ಬಿಯನ್ನು ಬೋರಲು ಹಾಕಿ, ಕುರ್ಚಿಯನ್ನು ಬೋಗುಣಿಯ ಹತ್ತಿರಕ್ಕೆ ಎಳೆದುಕೊಂಡಳು. "ಇಲ್ಲಿ ಕೊಡು. ಮೋಟುಗುರು ಇಟ್ಕೊಂಡು ನೀನೇನು ಬಿಡಿಸ್ತೀಯ."

ಮೊಟ್ಟೆಯ ಅಗಲ ತುದಿಯಲ್ಲಿ, ಗಾಳಿ ತುಂಬಿದ ಕಡೆ ಪೊರೆಯ ಅಂಚು ಹಿಡಿದು ಅವಳು ಎಳೆದಳು. ನೆವೆನಾ ಅದನ್ನು ತಣ್ಣೀರಿನಲ್ಲಿ ಲೋಳೆ ಹೋಗುವವರೆಗೂ ಜಾಲಿಸಿದಳು.

ಸಂಜೆ ಸ್ತೋಯಿಲ್ ಬಂದಾಗ ಬೋಗುಣಿಗಳ ತುಂಬ ಹಳದಿ ತೇಲುತ್ತಿತ್ತು, ಪಟದ ಮುಂದೆ ಬರಿದಾಗಿತ್ತು. ಭಾನುವಾರ ನಿರ್ದೇಶಕರನ್ನು ಊಟಕ್ಕೆ ಕರೆದಿದ್ದೇನೆ, ಹಬ್ಬದ ಆಟಕ್ಕೆ ಮೊಟ್ಟೆಗೆ ಮೊಟ್ಟೆ ಕುಟ್ಟಿ ಯಾರದು ಒಡೆಯುತ್ತದೆಂದು ನೋಡುವಾಗ ಕೈಗೇನು ಕೊಡಲಿ ಎಂದು ಕೂಗಾಡಿದ.

"ತಲೆಗೆ ತಲೆ ಕುಟ್ಕೊಳ್ರೋ ಇಬ್ರೂ," ಎಂದಳು ತೋನ್ಕಾ, ತಲೆಯೆತ್ತದೆ. "ಯಾವ್ದು ಟೊಳ್ಳು ಅಂತ ಗೊತ್ತಾಗ್ಲಿ."

ನೆವೆನಾ ಪೊರೆಗಳ ಜಾಡಿಗೆ ಮುಚ್ಚಳ ಬಿಗಿದು, ಪ್ರಯೋಗಾಲಯದ ಬೀಗದ ಕೈ ತೆಗೆದುಕೊಂಡಳು. ಪೊರೆಯನ್ನು ಹಾಳೆಯಾಗಿಸುವ ಕಂಪನಿಯ ಯಂತ್ರವನ್ನು ಹೀಗೆ ಮನೆಯ ಕೆಲಸಕ್ಕೆ ಮುಟ್ಟಿದರೆ ನೌಕರಿ ಹೋಗುತ್ತದೆ ಎಂದು ಸ್ತೋಯಿಲ್ ಬಾಗಿಲಿಗೆ ಅಡ್ಡ ನಿಂತ.

"ಹೋಗ್ಲಿ," ಎಂದಳು ಅವಳು. "ನಾಳೆ ಕಾಲಿಗೆ ಹಾಳೆ ಬದಲಿಸ್ಬೇಕು. ದಾರಿ ಬಿಡು."

ಅವಳ ದನಿ ಏರಿರಲಿಲ್ಲ. ಜಾಡಿಯನ್ನು ಎದೆಗವಚಿಕೊಂಡು, ನಿಲ್ಲದೆ ನಡೆದುಬಂದಳು. ಕೊನೆಗೆ ಅವನೇ ಪಕ್ಕಕ್ಕೆ ಸರಿದ.